ಮರ ಕೊರೆಯುವ ಕಾಪಿ ರೂಟರ್ ಅಲ್ಯೂಮಿನಿಯಂಗೂ ಒಗ್ಗಲು

ಮರದಲ್ಲಿ ಸಲೀಸಾಗಿ ಓಡುವ ನಿಮ್ಮ ಯಂತ್ರ ಅಲ್ಯೂಮಿನಿಯಂ ಮುಟ್ಟಿದೊಡನೆ ಕಿರುಚುತ್ತದೆ ಎಂದು ಬರೆದಿದ್ದೀರಿ. ಮೋಟಾರನ್ನು ದೂರಬೇಡಿ, ನನ್ನ ಅನುಮಾನ ಪ್ಲೈವುಡ್ ತೋಳುಗಳ ಮೇಲೆ. ಅವನ್ನು ಚೌಕ ಕಬ್ಬಿಣದ ಪೈಪಿನಲ್ಲಿ ಮತ್ತೆ ಮಾಡಿಸಿ. ಕೀಲುಗಳಿಗೆ ಬರೀ ಬೋಲ್ಟ್ ಸಾಲದು, ಬೇರಿಂಗ್ ಕೂರಿಸಿ. ಬಿಟ್‌ನ ತುದಿ ಹಿಡಿದು ಅಲುಗಿಸಿದಾಗ ಆಟ ಕೈಗೆ ಸಿಗುತ್ತಿರುವವರೆಗೂ ಲೋಹದ ಕೆಲಸ ಬೇಡ.

ನೀವು ಕೊರೆಯುವ ಬಾಗಿಲ ಲಾಕಿನ ಕಿಂಡಿ 2 ಮಿ.ಮೀ. ಕಿರಿದಾಗುತ್ತಿರುವುದಕ್ಕೆ ಕಾರಣ ಸರಳ. ಒಂದಕ್ಕೊಂದು ನಕಲಿನಲ್ಲಿ ಟೆಂಪ್ಲೇಟ್ ಸವರುವ ಕಡ್ಡಿಯೂ ಬಿಟ್ಟೂ ಒಂದೇ ದಪ್ಪವಿರಬೇಕು. ನಿಮ್ಮ ಕಡ್ಡಿ 8, ಬಿಟ್ 6. ಸಾಧ್ಯವಾದರೆ ತೋಳುಗಳನ್ನೇ ಎರಡಕ್ಕೊಂದು ಅನುಪಾತಕ್ಕೆ ಬದಲಿಸಿ. ಆಗ ಟೆಂಪ್ಲೇಟ್ ಇಮ್ಮಡಿ ದೊಡ್ಡದು, ಕಡ್ಡಿ 12 ಮಿ.ಮೀ.; ಟೆಂಪ್ಲೇಟಿನಲ್ಲಾದ ತಪ್ಪು ಕೆಲಸದಲ್ಲಿ ಅರ್ಧಕ್ಕಿಳಿಯುತ್ತದೆ. ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ.

ಅಲ್ಯೂಮಿನಿಯಂಗೆ ಒಂದೇ ಅಲಗಿನ ಕಾರ್ಬೈಡ್ ಬಿಟ್ ಕೊಳ್ಳಿ. ವೇಗ ತಗ್ಗಿಸಿ, ಒಮ್ಮೆಗೆ ಅರ್ಧ ಮಿ.ಮೀ. ಮಾತ್ರ ಇಳಿಸಿ. ಆದರೆ ಒಂದೇ ಜಾಗದಲ್ಲಿ ನಿಲ್ಲಬೇಡಿ. ಉಜ್ಜಿ ಬಿಸಿಯಾದ ಲೋಹ ಅಲಗಿಗೆ ಮೆತ್ತಿಕೊಂಡರೆ ಬಿಟ್ ಪಟ್ಟನೆ ಮುರಿಯುತ್ತದೆ. ಹಾಗೆ ಮೆತ್ತದಿರಲು ಯಂತ್ರ ನಿಲ್ಲಿಸಿ, ಪ್ಲಗ್ ಕಿತ್ತು, ಬಿಟ್‌ಗೆ ಮೇಣ ಸವರಿ. ಕೆಲವರು ಸೀಮೆಎಣ್ಣೆ ಹಾಕುತ್ತಾರೆ; ಒಳಗೆ ಕಿಡಿ ಹಾರುವ ಮೋಟಾರಿನ ಪಕ್ಕ, ಮರದ ಪುಡಿಯ ನಡುವೆ, ದಯವಿಟ್ಟು ಅದು ಬೇಡ.

ತುಂಡಿಗೆ ಎರಡು ಕ್ಲ್ಯಾಂಪ್ ಹಾಕಿ. ಕಣ್ಣಿಗೆ ಕನ್ನಡಕ ಇರಲಿ, ತಿರುಗುವ ಬಿಟ್‌ನ ಹತ್ತಿರ ಕೈಗವಸು ಬೇಡ.