ಸೊನ್ನೆಯೂ ಖಾಲಿ ಮನೆಯೂ ಒಂದೇ ಅಲ್ಲ

ಎಣಿಸುವುದು ಬಾಲ್ಯದಲ್ಲಿಯೇ ಕರಗತವಾಗುವ ವಿದ್ಯೆ. ಆದರೆ ಏನನ್ನು ಎಣಿಸಬೇಕು, ಏನನ್ನು ಬಿಡಬೇಕು ಎಂಬ ವಿವೇಕವು ಅಷ್ಟು ಸುಲಭಸಾಧ್ಯವಲ್ಲ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಹಾಗೂ ಬಾಬ್ ಫ್ರಾಂಕ್‌ಸ್ಟನ್ ಎಂಬವರ ‘ವಿಸಿಕ್ಯಾಲ್ಕ್’ ಬಳಕೆಗೆ ಬಂದಂದಿನಿಂದ ಇಂದಿನ ‘ಎಕ್ಸೆಲ್’ವರೆಗೆ ಬೆಳೆದುಬಂದ ಸ್ಪ್ರೆಡ್‌ಶೀಟ್ ಎಂಬ ಗಣಕಕೋಷ್ಟಕವು ಈ ವಿವೇಕವನ್ನು ಕಲಿಸಬಲ್ಲ ಉತ್ತಮ ಸಾಧನವಾಗಿದೆ.

ವಿದ್ಯಾರ್ಥಿಗಳೇ, ಕೋಟೇಶ್ವರದ ಶಾಲೆಯೊಂದರ ಅಂಗಳದಲ್ಲಿ ಮಳೆಮಾಪಕವಿದೆಯೆಂದು ಭಾವಿಸೋಣ. ಪ್ರತಿದಿನ ಬೆಳಿಗ್ಗೆ 8.30ಕ್ಕೆ ನೀರನ್ನು ಅಳೆದು, ಜೂನ್ ತಿಂಗಳ 30 ದಿನಗಳ ಲೆಕ್ಕವನ್ನು ‘ಬಿ’ ಅಂಕಣದ 2ರಿಂದ 31ರವರೆಗಿನ ಮನೆಗಳಲ್ಲಿ ತುಂಬಲಾಗಿದೆ. 26 ಮನೆಗಳಲ್ಲಿ ಬರಿಯ ಸಂಖ್ಯೆಗಳಿವೆ; ಮಳೆ ಬಾರದ ದಿನಗಳ ಸೊನ್ನೆಗಳೂ ಅವುಗಳಲ್ಲಿ ಸೇರಿವೆ. ಒಂದು ಮನೆಯಲ್ಲಿ ‘13 ಮಿ.ಮೀ.’ ಎಂದೂ ಮತ್ತೊಂದರಲ್ಲಿ ‘ಮಾಪಕ ಒಡೆದಿದೆ’ ಎಂದೂ ಬರೆದಿದೆ. ಅಳೆಯುವ ಮುನ್ನವೇ ನೀರು ಚೆಲ್ಲಿಹೋದ 2 ದಿನಗಳ ಮನೆಗಳು ಖಾಲಿಯಾಗಿವೆ.

ಈಗ ಬೇರೊಂದು ಮನೆಯಲ್ಲಿ =ಕೌಂಟ್(ಬಿ2:ಬಿ31) ಎಂಬ ಸೂತ್ರವನ್ನು ಆಂಗ್ಲಾಕ್ಷರಗಳಲ್ಲಿ ಬರೆದರೆ 26 ಎಂಬ ಉತ್ತರ ದೊರೆಯುತ್ತದೆ. ‘ಕೌಂಟ್’ ಸಂಖ್ಯೆಗಳನ್ನು ಮಾತ್ರ ಎಣಿಸುತ್ತದೆ. ಸೊನ್ನೆಯೂ ಸಂಖ್ಯೆಯೇ ಆದುದರಿಂದ ಅದಕ್ಕೆ ಸ್ಥಾನವುಂಟು. ಪದಗಳಿಗೂ ಖಾಲಿ ಮನೆಗಳಿಗೂ ಇಲ್ಲ. ‘ಮಿ.ಮೀ.’ ಸೇರಿದೊಡನೆ 13 ಕೂಡ ಬರಿಯ ಅಕ್ಷರವಾಗಿಬಿಟ್ಟಿತು! ಆದುದರಿಂದ ಅಳತೆಯ ಮಾನವನ್ನು ಅಂಕಣದ ಶಿರೋನಾಮೆಯಲ್ಲಿ ಬರೆದು, ಮನೆಯಲ್ಲಿ ಸಂಖ್ಯೆಯನ್ನಷ್ಟೇ ಇಡಬೇಕು. ಹಾಗೆ ತಿದ್ದಿದರೆ ಉತ್ತರ 27 ಆಗುತ್ತದೆ. ‘ಕೌಂಟ್‌ಎ’ ಎಂಬ ಸೂತ್ರವಾದರೋ ಪದಗಳನ್ನೂ ಸೇರಿಸಿಕೊಂಡು 28 ಎನ್ನುತ್ತದೆ. ‘ಕೌಂಟ್‌ಬ್ಲ್ಯಾಂಕ್’ ಖಾಲಿ ಮನೆಗಳು 2 ಎಂದು ತಿಳಿಸುತ್ತದೆ.

ಈ ಭೇದದಿಂದ ಪ್ರಯೋಜನವೇನು? ಅಳೆದ ಮಳೆಯ ಮೊತ್ತ 1053 ಮಿ.ಮೀ. ಎಂದಿಟ್ಟುಕೊಳ್ಳೋಣ. ಅಳೆದ 27 ದಿನಗಳಿಂದ ಭಾಗಿಸಿದರೆ ದಿನದ ಸರಾಸರಿ 39 ಮಿ.ಮೀ. ಖಾಲಿ ಮನೆಗಳು ಅಂದಗೆಟ್ಟು ಕಾಣುತ್ತವೆಂದು ಯಾರಾದರೂ ಅಳೆಯದ 3 ದಿನಗಳಿಗೆ ಸೊನ್ನೆ ತುಂಬಿದರೆ, ಅದೇ ಸರಾಸರಿ 35.1ಕ್ಕೆ ಇಳಿಯುತ್ತದೆ. ಸುರಿದ ಮಳೆಯನ್ನು ಸುರಿಯಲೇ ಇಲ್ಲವೆಂದು ದಾಖಲಿಸಿದಂತಾಯಿತು. ಯಂತ್ರವು ತಪ್ಪಿದ್ದಲ್ಲ, ಬರೆದ ಕೈ ತಪ್ಪಿತು.

ಪರೀಕ್ಷೆಯ ಅಂಕಪಟ್ಟಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಬರೆದು ಸೊನ್ನೆ ಪಡೆದವನೂ ಜ್ವರದಿಂದ ಗೈರುಹಾಜರಾದವನೂ ಒಂದೇ ಅಲ್ಲ. ‘ಇಲ್ಲ’ ಎಂಬುದು ಬೇರೆ, ‘ತಿಳಿಯದು’ ಎಂಬುದು ಬೇರೆ. ತಿಳಿಯದುದನ್ನು ತಿಳಿಯದೆಂದೇ ಬಿಡುವ ಪ್ರಾಮಾಣಿಕತೆಯೇ ಲೆಕ್ಕದ ಮೊದಲ ಪಾಠ.