ಮರದ ಪಾಠಕ್ಕೆ ತಾಯಿಯೇ ಟೀಚರ್



ಮಕ್ಕಳನ್ನು ಬೆಂಗಳೂರಿನ ಲಾಲ್‌ಬಾಗ್‌ಗೆ ಕರೆದುಕೊಂಡು ಹೋಗೋಣ ಎಂದಾಗ ಒಬ್ಬ ತಾಯಿ, "ನಾನು ಓದಿದೋಳಲ್ಲ ಸಿಸ್ಟರ್, ನಾನೇನು ಹೇಳ್ಕೊಡ್ಲಿ?" ಎಂದರು. ಅಲ್ಲಿ ಹೊಂಗೆ ಮರ ಕಂಡ ಕೂಡಲೇ ಅವರೇ ಶುರು ಮಾಡಿದರು. ಊರಿನಲ್ಲಿ ಹೊಂಗೆ ಎಣ್ಣೆಯಿಂದ ದೀಪ ಹಚ್ಚುತ್ತಿದ್ದುದು, ಸೊಪ್ಪನ್ನು ಗದ್ದೆಗೆ ಗೊಬ್ಬರವಾಗಿ ತುಳಿಯುತ್ತಿದ್ದುದು ಎಲ್ಲಾ ಹೇಳಿದರು. ಅವರ ಮಗನಿಗೇ ಅದು ಹೊಸ ಸುದ್ದಿ!

ನಮಗೆ ಗೊತ್ತಿರುವುದನ್ನು ಮಕ್ಕಳಿಗೆ ಹೇಳದಿದ್ದರೆ ಅದು ನಮ್ಮ ಜೊತೆಯೇ ಹೋಗಿಬಿಡುತ್ತದೆ.

ಲಾಲ್‌ಬಾಗ್ 1760ರಲ್ಲಿ ಹೈದರಾಲಿ ಆರಂಭಿಸಿದ ತೋಟ. ಈಗ ಸುಮಾರು 240 ಎಕರೆ ಇದೆ. ಕೆಂಪೇಗೌಡ ಗೋಪುರ ಇರುವ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅನೇಕ ಮರಗಳಿಗೆ ಹೆಸರಿನ ಫಲಕವಿದೆ. ಮಗು ಫಲಕ ಓದಲಿ, ತಾಯಿ ಉಪಯೋಗ ಹೇಳಲಿ.

ಹೀಗೆ ಮಾಡಿ:

1. ಹತ್ತು ಮಕ್ಕಳಿಗೆ ಇಬ್ಬರು ತಾಯಂದಿರಂತೆ, ಬೆಳಿಗ್ಗೆ ಹೊರಡಿ. ನೀರು, ಬುತ್ತಿ ಇರಲಿ.
2. ಒಂದು ದಿನಕ್ಕೆ ಐದು ಮರ ಸಾಕು. ತೊಗಟೆ ಮುಟ್ಟಿ ನೋಡಲಿ, ಎಲೆಯ ವಾಸನೆ ನೋಡಲಿ.
3. ಹೂ ಕೀಳುವುದು ಬೇಡ. ಉದುರಿದ ಎಲೆ ಮಾತ್ರ ಆರಿಸಲಿ. ಗೊತ್ತಿಲ್ಲದ ಕಾಯಿ ಬಾಯಿಗೆ ಹಾಕಬಾರದು.
4. ಮೂರು ತಿಂಗಳು ಬಿಟ್ಟು ಅದೇ ಮರಗಳನ್ನು ತೋರಿಸಿ. ಚಿಗುರು, ಹೂ, ಕಾಯಿ ಏನು ಬಂದಿದೆ ಎಂದು ಮಕ್ಕಳೇ ಹೇಳಲಿ.

ಲಾಲ್‌ಬಾಗ್ ದೂರವಾದರೆ ನಿಮ್ಮ ಬಡಾವಣೆಯ ಪಾರ್ಕೇ ಸಾಕು.

ವಾರದ ಸಭೆಯಲ್ಲಿ ಚರ್ಚಿಸಿ:

* ನಮ್ಮ ಬೀದಿಯಲ್ಲಿ ಎಷ್ಟು ಬಗೆಯ ಮರಗಳಿವೆ?
* ನಮ್ಮ ಅಮ್ಮ, ಅಜ್ಜಿ ಹೇಳಿದ ಯಾವ ಮರದ ವಿಷಯವನ್ನು ನಾವು ಮಕ್ಕಳಿಗೆ ಇನ್ನೂ ಹೇಳಿಲ್ಲ?