ನೆಲ ಸರಿಸಿ ನೋಡು

ಪುಟ್ಟಿ, ನೀನು ಕಳಿಸಿದ ಟ್ರ್ಯಾಕನ್ನು ಮೂರು ಸಲ ಕೇಳಿದೆ. ಮೊದಲ ಸಲ ಗಾಂಧಿ ಬಜಾರಿನಿಂದ ನಡೆದು ಬರುವಾಗ, ಫೋನಿನಲ್ಲಿ. ಹೂವಿನ ಅಂಗಡಿಗಳ ಗಲಾಟೆಯಲ್ಲಿ ನಿನ್ನ ಡ್ರಮ್ ಬಿಟ್ಟು ಬೇರೇನೂ ಕಿವಿಗೆ ಬೀಳಲಿಲ್ಲ. ಎರಡನೇ ಸಲ ಮನೆಯಲ್ಲಿ, ನೀನೇ ಕೊಡಿಸಿದ ಹೆಡ್‌ಫೋನ್ ಹಾಕಿಕೊಂಡು. ಮೂರನೇ ಸಲ ಕೀಬೋರ್ಡಿನ ಮುಂದೆ ಕೂತು, ನೀನು ಹಿಡಿದ ಒಂದೊಂದು ಕಾರ್ಡನ್ನೂ ನನ್ನ ಬೆರಳಲ್ಲಿ ಹಿಡಿದು ನೋಡುತ್ತಾ. ತಾಳ ಚೆನ್ನಾಗಿದೆ. ನೀನು ಆರಿಸಿಕೊಂಡ ದನಿಗಳು ಇನ್ನೂ ಚೆನ್ನಾಗಿವೆ. "ಮಾವ, ಕಾರ್ಡ್ಸ್ ಮಾತ್ರ ಬಡಬಡವಾಗಿ ಕೇಳ್ತಿದೆ, ಇನ್ನೂ ಎಷ್ಟು ನೋಟ್ ಸೇರಿಸಲಿ?" ಅಂತ ಕೇಳಿದ್ದೀಯಲ್ಲ, ಸದ್ಯಕ್ಕೆ ಒಂದನ್ನೂ ಸೇರಿಸಬೇಡ.

ಎರಡನೇ ಭಾಗಕ್ಕೆ ಬರುವ ಹೊತ್ತಿಗೆ ಸೆವೆಂತ್, ನೈನ್ತ್ ಎಲ್ಲ ಹಾಕಿ ಐದೈದು ಬೆರಳು ಊರಿದ್ದೀಯ. ಆದರೂ ಬಡವೇ. ಯಾಕೆ ಗೊತ್ತೇ? ಪಿಯಾನೋ ರೋಲಿನಲ್ಲಿ ಒಂದು ಕಾರ್ಡ್ ಬರೆದು, ಅದನ್ನೇ ಎತ್ತೆತ್ತಿ ಬೇರೆ ಬೇರೆ ಮೆಟ್ಟಿಲಲ್ಲಿ ಇಟ್ಟಿದ್ದೀಯ. ಒಂದೇ ಅಚ್ಚಿನಿಂದ ತೆಗೆದ ಇಟ್ಟಿಗೆಗಳ ಹಾಗೆ. ಐದು ಸ್ವರಗಳೂ ಒಟ್ಟಿಗೆ ಹಾರುತ್ತವೆ, ಒಟ್ಟಿಗೆ ಬೀಳುತ್ತವೆ. ಒಂದಕ್ಕೂ ತನ್ನದೇ ದಾರಿ ಇಲ್ಲ.

ನೀನು ಮಲ್ಲೇಶ್ವರದಲ್ಲಿ ಹತ್ತು ವರ್ಷ ಪಾಠ ಹೇಳಿಸಿಕೊಂಡವಳು, ಅದಕ್ಕೇ ಸ್ವರದಲ್ಲೇ ಹೇಳುತ್ತೇನೆ. ಸಿ ನಿನ್ನ ಷಡ್ಜ, ಸ್ವರಗಳೆಲ್ಲ ಶಂಕರಾಭರಣದವು. ನಿನ್ನ ಲೂಪ್ ಇಷ್ಟು: ಸ ಗ ಪ, ಪ ನಿ ರಿ, ಧ ಸ ಗ, ಮ ಧ ಸ. ಸಾವಿರಾರು ಹಾಡುಗಳು ಈ ನಾಲ್ಕರ ಮೇಲೆ ನಿಂತಿವೆ, ಅದರಲ್ಲಿ ತಪ್ಪೇನಿಲ್ಲ. ಈಗ ಎಡಗೈಯಲ್ಲಿ ಬೇಸ್ ಮಾತ್ರ ಉಳಿಸಿಕೊಂಡು ಬಲಗೈಯನ್ನು ಹೀಗೆ ನಡೆಸು. ಮೊದಲು ಸ ಗ ಪ. ಎರಡನೆಯದಕ್ಕೆ ಪಂಚಮವನ್ನು ಬಿಡಲೇಬೇಡ, ಅದು ಎರಡು ಕಾರ್ಡಿಗೂ ಸೇರಿದ್ದು. ಷಡ್ಜ ಒಂದು ಹೆಜ್ಜೆ ಇಳಿದು ನಿಷಾದಕ್ಕೆ, ಗಾಂಧಾರ ಒಂದು ಹೆಜ್ಜೆ ಇಳಿದು ರಿಷಭಕ್ಕೆ. ನಿ ರಿ ಪ ಆಯಿತು. ಮೂರನೆಯದಕ್ಕೆ ಮೂರೂ ಒಂದೊಂದು ಹೆಜ್ಜೆ ಹತ್ತಲಿ: ಸ ಗ ಧ. ನಾಲ್ಕನೆಯದಕ್ಕೆ ಸ ಮತ್ತು ಧ ಇದ್ದಲ್ಲೇ ಇರಲಿ, ಗಾಂಧಾರ ಮಾತ್ರ ಮಧ್ಯಮಕ್ಕೆ ಏರಲಿ. ಮತ್ತೆ ಮೊದಲಿಗೆ ಬರುವಾಗ ಮಧ್ಯಮ ಗಾಂಧಾರಕ್ಕೆ, ಧೈವತ ಪಂಚಮಕ್ಕೆ ಇಳಿಯುತ್ತವೆ. ಷಡ್ಜ ಅಲ್ಲಾಡುವುದಿಲ್ಲ.

ಈಗ ನಡುವಿನ ಬೆರಳಿನ ಸಾಲನ್ನು ಬಾಯಲ್ಲಿ ಹಾಡು: ಗ, ರಿ, ಗ, ಮ, ಮತ್ತೆ ಗ. ಅದೇ ಒಂದು ಪುಟ್ಟ ಸಂಚಾರ. ನಾಲ್ಕು ಕಾರ್ಡೂ ಅವೇ, ಒಂದು ಸ್ವರವನ್ನೂ ನಾನು ಸೇರಿಸಿಲ್ಲ. ಆದರೂ ಮೂರು ಜನ ಅಕ್ಕಪಕ್ಕ ಕೂತು ಹಾಡುತ್ತಿರುವ ಹಾಗೆ ಕೇಳುತ್ತದೆ. ಒಂದು ಬೆರಳಿನ ಸಾಲು ಬಾಯಲ್ಲಿ ಹಾಡಲು ಬರುವುದಿಲ್ಲ ಅಂದರೆ ಆ ಬೆರಳಿಗೆ ಅಲ್ಲಿ ಕೆಲಸವಿಲ್ಲ, ತೆಗೆದುಬಿಡು. ನಲವತ್ತು ವರ್ಷ ಕೀಬೋರ್ಡ್ ನುಡಿಸಿದವನ ಹತ್ತಿರ ಇರುವ ಅಳತೆಗೋಲು ಇದೊಂದೇ.

ಇದು ನನಗೆ ಪುಸ್ತಕದಿಂದ ಬಂದದ್ದಲ್ಲ. 1987ರಲ್ಲಿ ಹಂಸಲೇಖ ಅವರ 'ಪ್ರೇಮಲೋಕ' ಬಂದ ಮೇಲೆ ನಮ್ಮ ಆರ್ಕೆಸ್ಟ್ರಾಕ್ಕೆ ಕೀಬೋರ್ಡ್ ಇಲ್ಲದೆ ನಡೆಯುವುದೇ ಇಲ್ಲ ಅನ್ನುವಂತಾಯಿತು. ನಾನು ಹಾರ್ಮೋನಿಯಂ ಬಿಟ್ಟು ಅದಕ್ಕೆ ಕೂತೆ. ಗಣೇಶನ ಹಬ್ಬದ ಒಂದು ಕಾರ್ಯಕ್ರಮ. ಎರಡೂ ಕೈ ತುಂಬ ಕಾರ್ಡ್ ಹಿಡಿದು ಉತ್ಸಾಹದಲ್ಲಿ ನುಡಿಸುತ್ತಿದ್ದೆ. ಬಿಡುವಿನಲ್ಲಿ ಬೇಸ್ ಗಿಟಾರಿನವರು ಹತ್ತಿರ ಬಂದು, "ಸ್ವಾಮಿ, ನಿಮ್ಮ ಎಡಗೈ ಸ್ವಲ್ಪ ಎತ್ತಿ, ನನಗೆ ನಿಲ್ಲೋಕೆ ಜಾಗ ಇಲ್ಲ" ಅಂದರು. ಆ ರಾತ್ರಿ ಉಳಿದ ಅರ್ಧ ಕಾರ್ಯಕ್ರಮವನ್ನು ಬಲಗೈಯ ಮೂರೇ ಬೆರಳಲ್ಲಿ ನುಡಿಸಿದೆ. ಮೊದಲ ಬಾರಿಗೆ ಗಾಯಕಿಯ ಉಸಿರು ನನಗೆ ಕೇಳಿಸಿತು.

ನಿನ್ನ ಟ್ರ್ಯಾಕಿನಲ್ಲೂ ಅದೇ ತೊಂದರೆ. ಪ್ಯಾಡಿನ ಗಾಂಧಾರವನ್ನು ತೀರಾ ಕೆಳಗೆ ಇಟ್ಟಿದ್ದೀಯ. ಕೀಬೋರ್ಡಿನ ನಡುವಿನ ಸಿ ಸುಮಾರು 261 ಹರ್ಟ್ಸ್, ಅದರ ಕೆಳಗಿನ ಸಿ ಸುಮಾರು 130. ಆ 130ಕ್ಕಿಂತ ಕೆಳಗೆ ಸ ಮತ್ತು ಗ ಒಟ್ಟಿಗೆ ಹಿಡಿದರೆ ಅವು ಬೆರೆಯುವುದಿಲ್ಲ, ಕೆಸರಾಗುತ್ತವೆ. ಅಲ್ಲಿ ಒಂಟಿ ಸ್ವರ, ಹೆಚ್ಚೆಂದರೆ ಸ ಪ. ನೀನು ಬಳಸಿರುವ ಸೂಪರ್‌ಸಾ ದನಿಯೂ ಇದೆಯಲ್ಲ, ಅದು 1990ರ ದಶಕದಲ್ಲಿ ರೋಲ್ಯಾಂಡ್ ಜೆಪಿ-8000 ತಂದದ್ದು. ಅದರಲ್ಲಿ ಒಂದು ಕೀ ಒತ್ತಿದರೆ ಒಂಚೂರು ಒಂಚೂರು ಶ್ರುತಿ ತಪ್ಪಿಸಿದ ಏಳು ಅಲೆಗಳು ಒಟ್ಟಿಗೆ ಏಳುತ್ತವೆ. ಐದು ಬೆರಳು ಊರಿದರೆ ಮೂವತ್ತೈದು. ಅಂಥ ದನಿಗೆ ಎರಡು ಸ್ವರವೇ ಔತಣ.

ದಪ್ಪ ಬೇಕಾದರೆ ಹೊಸ ಸ್ವರವೇ ಬೇಕೆಂದಿಲ್ಲ. ನಿಮ್ಮ ಮನೆಯ ಹತ್ತಿರ, ವೈಯಾಲಿಕಾವಲ್ ಕಡೆ, ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ ಇದೆಯಲ್ಲ, 1980ರದು. ಅದರ ಮೇಲೆ ಏಳು ತಂತಿ ಯಾಕೆ ಅಂತ ಎಂದಾದರೂ ಯೋಚಿಸಿದ್ದೀಯಾ? ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಕೇಳಲಿ ಅಂತ ತಿರುಮಕೂಡಲು ಚೌಡಯ್ಯನವರು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿದರು. ಆ ಮೂರೂ ಬೇರೆ ಸ್ವರ ಹೇಳುವುದಿಲ್ಲ, ಅದೇ ಸ್ವರವನ್ನು ಇನ್ನೊಂದು ಸ್ಥಾಯಿಯಲ್ಲಿ ಹೇಳುತ್ತವೆ. ನಿನ್ನ ಮೇಲಿನ ಸಾಲನ್ನು ಹಾಗೆ ಜೋಡಿಸಿ ನೋಡು.

ಈಗ ನನಗೆ ಬಹಳ ಪ್ರಿಯವಾದ ವಿಷಯಕ್ಕೆ ಬರುತ್ತೇನೆ. ನಾನು ಬೆಳೆದದ್ದು ಚಾಮರಾಜಪೇಟೆಯಲ್ಲಿ. ರಾಮನವಮಿ ಬಂತೆಂದರೆ ಕೋಟೆ ಹೈಸ್ಕೂಲ್ ಮೈದಾನ. ಶ್ರೀರಾಮ ಸೇವಾ ಮಂಡಳಿಯ ಕಛೇರಿಗಳು 1939ರಿಂದ ನಡೆದು ಬಂದಿವೆ. ಚಿಕ್ಕವನಾಗಿದ್ದಾಗ ನಾನು ಕಛೇರಿಗಿಂತ ಮೊದಲೇ ಹೋಗಿ ಕೂರುತ್ತಿದ್ದುದು ತಂಬೂರಿ ಶ್ರುತಿ ಮಾಡುವುದನ್ನು ಕೇಳಲು. ಶ್ರುತಿ ಕೂಡಿದ ಕ್ಷಣದಲ್ಲಿ, ಯಾರೂ ಮೀಟದ ಒಂದು ಸ್ವರ ಮೇಲಿನಿಂದ ಇಳಿದು ಬರುತ್ತದೆ: ಅಂತರ ಗಾಂಧಾರ. ತಂಬೂರಿಯಲ್ಲಿ ಮೀಟುವುದು ಪ ಮತ್ತು ಸ ಮಾತ್ರ. ಮಂದ್ರ ಷಡ್ಜದ ತಂತಿಯ ಐದನೇ ಅನುರಣನವೇ ಆ ಗಾಂಧಾರ. ಅಂದರೆ ಸ ಗ ಪ, ನೀನು ಮೇಜರ್ ಕಾರ್ಡ್ ಅನ್ನುವುದು, ನಮ್ಮ ತಂಬೂರಿಯ ಹೊಟ್ಟೆಯಲ್ಲೇ ಇದೆ. ಕೀಬೋರ್ಡಿನ ಗಾಂಧಾರ ಅದಕ್ಕಿಂತ ಸುಮಾರು 14 ಸೆಂಟ್ ಮೇಲಿರುತ್ತದೆ. ನಿನ್ನ ಸಾಫ್ಟ್‌ವೇರಿನಲ್ಲಿ ಆ ಒಂದು ಸ್ವರವನ್ನು ಅಷ್ಟು ಇಳಿಸಿ, ಪ್ಯಾಡನ್ನು ಸ ಗ ಪ ದ ಮೇಲೆ ಉದ್ದಕ್ಕೆ ನಿಲ್ಲಿಸಿ ಕೇಳು. ಅಲೆಯಾಡುವುದು ನಿಂತು ದನಿ ಒಂದೇ ಆಗುತ್ತದೆ. ಕಾರ್ಡ್ ಬದಲಾದ ಕೂಡಲೇ ಮೊದಲಿನ ಜಾಗಕ್ಕೆ ತಂದುಬಿಡು, ಇಲ್ಲದಿದ್ದರೆ ಬೇರೆ ಕಡೆ ಕಚ್ಚುತ್ತದೆ.

ನಿನ್ನ ತಲೆಮಾರಿನವರು ಎಲೆಕ್ಟ್ರಾನಿಕ್ ಸಂಗೀತ ಹೊರಗಿನಿಂದ ಬಂದದ್ದು ಅಂದುಕೊಳ್ಳುತ್ತೀರಿ. ನಿನ್ನ ಪಾಠದ ಮನೆಯಲ್ಲಿ ದಿನವೂ ಗುನುಗುತ್ತಿದ್ದ ಶ್ರುತಿಪೆಟ್ಟಿಗೆ ಮತ್ತೇನು? ಕೊಳಲು ನುಡಿಸುವ ಎಂಜಿನಿಯರ್ ಜಿ. ರಾಜ್ ನಾರಾಯಣ್ ಅವರು ಎಲೆಕ್ಟ್ರಾನಿಕ್ ತಂಬೂರಿ ಮಾಡಿದ್ದು ಇದೇ ಬೆಂಗಳೂರಿನಲ್ಲಿ, 1979ರಲ್ಲಿ. ನೀನು ಮಾತು ಕಲಿಯುವ ಮೊದಲೇ ಕೇಳಿದ ಸಿಂಥ್ ಅದು.

ಈಗ ಆ ತಂಬೂರಿಯನ್ನು ತಲೆಕೆಳಗು ಮಾಡು. ಕಛೇರಿಯಲ್ಲಿ ಕೆಳಗೆ ಆಧಾರ ಷಡ್ಜ ನಿಂತಿರುತ್ತದೆ, ಮೇಲೆ ಎಲ್ಲವೂ ಚಲಿಸುತ್ತದೆ. ನೀನು ಮೇಲಿನ ಸ ಗ ಪ ವನ್ನು ಅಲ್ಲಾಡದ ಹಾಗೆ ಹಿಡಿದು, ಕೆಳಗಿನ ನೆಲವನ್ನು ಸರಿಸು. ಬೇಸ್ ಷಡ್ಜದಲ್ಲಿದ್ದರೆ ಅದು ಮನೆ. ಬೇಸನ್ನು ಧೈವತಕ್ಕೆ ಇಳಿಸು, ಅದೇ ಸ ಗ ಪ ಈಗ ಎ ಮೈನರ್ ಸೆವೆಂತ್ ಆಗಿ ಮಂಕಾಗುತ್ತದೆ. ಮಧ್ಯಮಕ್ಕೆ ಇಳಿಸು. ಪಂಚಮ ನೈನ್ತ್ ಆಯಿತು, ಗಾಂಧಾರ ಮೇಜರ್ ಸೆವೆಂತ್ ಆಯಿತು, ಸಂಜೆ ಹೊತ್ತು ಸ್ಯಾಂಕಿ ಕೆರೆಯ ಏರಿಯ ಮೇಲೆ ನಿಂತ ಹಾಗೆ ಎದೆ ಅಗಲವಾಗುತ್ತದೆ. ರಿಷಭಕ್ಕೆ ಇಳಿಸು, ಈಗ ಕಾರ್ಡು ತೂಗುತ್ತಾ ನಿಲ್ಲುತ್ತದೆ, ಎಲ್ಲಿಗೋ ಹೋಗಬೇಕು ಅನ್ನುತ್ತದೆ. ಅಥವಾ ಬೇಸನ್ನು ಸ, ಕೈಶಿಕಿ ನಿಷಾದ, ಚತುಶ್ರುತಿ ಧೈವತ, ಶುದ್ಧ ಧೈವತ, ಪ ಅಂತ ನಿಧಾನವಾಗಿ ಇಳಿಸುತ್ತಾ ಬಾ. ಶುದ್ಧ ಧೈವತಕ್ಕೆ ಬಂದಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಸೆವೆಂತ್, ನೈನ್ತ್ ಅಂತ ನೀನು ಹುಡುಕಿ ಹುಡುಕಿ ಅಂಟಿಸುತ್ತಿದ್ದುದೆಲ್ಲ ಇಲ್ಲಿ ತಾನಾಗಿ ಬಂದಿದೆ ನೋಡು.

ಬೇಸನ್ನು ಹೀಗೆ ಹಾಡಿಸುವುದು ಹೇಗೆ ಅಂತ ಕಲಿಯಬೇಕಾದರೆ ಇಳಯರಾಜ ಅವರನ್ನು ಕೇಳು. ನಮ್ಮ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ಪಳಗಿದವರು ಅವರು. 1983ರ 'ಪಲ್ಲವಿ ಅನುಪಲ್ಲವಿ' ಹಾಕಿಕೊಂಡು, ಗಾಯಕರನ್ನೂ ಪಿಟೀಲುಗಳನ್ನೂ ಮರೆತು, ಬೇಸ್ ಒಂದನ್ನೇ ಹಿಂಬಾಲಿಸಿ ಬಾಯಲ್ಲಿ ಹಾಡು. ಒಂದು ವಾರ ಅದನ್ನೇ ಮಾಡಿದರೂ ನಷ್ಟವಿಲ್ಲ.

ಗ್ರಹಭೇದ ನಿನಗೆ ಗೊತ್ತು. ಮೋಹನದ ಐದು ಸ್ವರಗಳಲ್ಲಿ ರಿಷಭವನ್ನು ಷಡ್ಜ ಮಾಡಿಕೊಂಡರೆ ಮಧ್ಯಮಾವತಿ, ಗಾಂಧಾರವನ್ನು ಮಾಡಿಕೊಂಡರೆ ಹಿಂದೋಳ, ಧೈವತವನ್ನು ಮಾಡಿಕೊಂಡರೆ ಶುದ್ಧಧನ್ಯಾಸಿ. ಕಛೇರಿಯಲ್ಲಿ ಶ್ರುತಿ ಬದಲಾಗದ ಕಾರಣ ಅದನ್ನು ಕೇಳುಗರು ಮನಸ್ಸಿನಲ್ಲೇ ಕಟ್ಟಿಕೊಳ್ಳಬೇಕು. ನಿನಗೆ ಆ ಕಟ್ಟಿಲ್ಲ. ಮೇಲೆ ಮೋಹನದ ಅದೇ ಪಲುಕು ಸುತ್ತುತ್ತಿರಲಿ, ಕೆಳಗೆ ಬೇಸ್ ಎಂಟು ಬಾರ್ ಷಡ್ಜದಲ್ಲಿ, ಎಂಟು ಬಾರ್ ಧೈವತದಲ್ಲಿ, ನಾಲ್ಕು ಬಾರ್ ರಿಷಭದಲ್ಲಿ ಇರಲಿ. ಪಲುಕಿನ ಒಂದು ಅಕ್ಷರ ಬದಲಾಗದೆ ರಾಗವೇ ಬದಲಾದ ಹಾಗಾಗುತ್ತದೆ.

ಎರವಲು ಕಾರ್ಡಿಗೂ ನೀನು ಬೇರೆ ಕಡೆ ಹುಡುಕಬೇಕಾಗಿಲ್ಲ. 26ನೇ ಮೇಳ ಚಾರುಕೇಶಿ, 27 ಸರಸಾಂಗಿ, 28 ಹರಿಕಾಂಭೋಜಿ, 29 ಶಂಕರಾಭರಣ. ನಾಲ್ಕಕ್ಕೂ ಪೂರ್ವಾಂಗ ಒಂದೇ, ವ್ಯತ್ಯಾಸ ಧೈವತ ನಿಷಾದಗಳಲ್ಲಿ ಮಾತ್ರ. ಅಕ್ಕಪಕ್ಕದ ಮನೆಗಳು ಅಂದುಕೋ, ಸಕ್ಕರೆ ಸಾಲದಿದ್ದರೆ ಹೋಗಿ ಕೇಳುವಷ್ಟು ಹತ್ತಿರ. ಶಂಕರಾಭರಣದ ಮ ಧ ಸ ಆದ ಮೇಲೆ ಸರಸಾಂಗಿಯ ಶುದ್ಧ ಧೈವತ ಹಾಕಿ ಮತ್ತೆ ಮ ಧ ಸ ಹಿಡಿ, ಆಮೇಲೆ ಸ ಗ ಪ ಕ್ಕೆ ಬಾ. ಒಂದು ಬೆರಳು ದೊಡ್ಡ ಧೈವತದಿಂದ ಸಣ್ಣ ಧೈವತಕ್ಕೆ, ಅಲ್ಲಿಂದ ಪಂಚಮಕ್ಕೆ ಅರ್ಧರ್ಧ ಹೆಜ್ಜೆ ಇಳಿದದ್ದು ಅಷ್ಟೇ. ಆದರೆ ಆ ಇಳಿತದಲ್ಲಿ ಒಂದು ನಿಟ್ಟುಸಿರಿದೆ. ಹರಿಕಾಂಭೋಜಿಯಿಂದ ಕೈಶಿಕಿ ನಿಷಾದ ತಂದು ನಿ ರಿ ಮ ಹಿಡಿದರೆ ಕಿಟಕಿ ತೆರೆದ ಹಾಗೆ. ಒಂದು ಹಾಡಿನಲ್ಲಿ ಇಂಥದ್ದು ಒಂದು ಸಲ ಸಾಕು. ಎಲ್ಲಿ ಬೇಕು ಅನ್ನುವುದನ್ನು ಹಾಡಿನ ಸಾಲೇ ಹೇಳಬೇಕು.

ಒಂದು ಕಡೆ ಮಾತ್ರ ಬಿಗಿಯಾಗಿ ಹೇಳುತ್ತೇನೆ. ತೋಡಿಯ ಕೆಳಗೆ ಕಾರ್ಡ್ ಇಡಬೇಡ. ತೋಡಿಯ ಗಾಂಧಾರ ನಿಂತ ಸ್ವರವೇ ಅಲ್ಲ, ತೂಗುತ್ತಿರುವುದೇ ಅದರ ಜೀವ. ಅದರಡಿಯಲ್ಲಿ ನಿನ್ನ ಪ್ಯಾಡಿನ ಗಾಂಧಾರ ಮೊಳೆ ಹೊಡೆದ ಹಾಗೆ ನಿಂತರೆ ಎರಡೂ ಸಾಯುತ್ತವೆ. ಅಂಥ ಕಡೆ ಸ ಪ ಸಾಕು, ಅಥವಾ ಬೇಸ್ ಒಂದೇ ಸಾಕು. ಮುಂಬೈನ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದರಲ್ಲ, ಟಿಬಿ-303, ಟಿಆರ್-808, ಜುಪಿಟರ್-8 ಇಟ್ಟುಕೊಂಡು. ಅಲ್ಲಿ ಕಾರ್ಡುಗಳ ಮೆರವಣಿಗೆ ಇಲ್ಲ. ರಾಗ, ಬೇಸ್, ತಾಳ, ಇಷ್ಟೇ. ಯಾರೂ ಅದನ್ನು ಬಡವು ಅನ್ನುವುದಿಲ್ಲ.

ಹಾಗಂತ ಕಾರ್ಡ್ ನಮ್ಮದಲ್ಲ ಅನ್ನುವವರ ಮಾತಿಗೂ ಕಿವಿ ಕೊಡಬೇಡ. ಜಯಚಾಮರಾಜ ಒಡೆಯರು ಪಿಯಾನೋ ನುಡಿಸುತ್ತಿದ್ದರು. ರಷ್ಯಾದ ಮೆಡ್ಟ್ನರ್ ಅವರ ಸಂಗೀತವನ್ನು ಲಂಡನ್ನಿನಲ್ಲಿ ಧ್ವನಿಮುದ್ರಿಸಲು 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟವರು ಅವರು. ಅದೇ ಮಹಾರಾಜರು 94 ಕೃತಿಗಳನ್ನೂ ರಚಿಸಿದರು. ಒಂದೇ ಎದೆಯಲ್ಲಿ ಎರಡಕ್ಕೂ ಜಾಗವಿತ್ತು.

ಇನ್ನೊಂದು, ಚಿಕ್ಕದು. ಕಾರ್ಡ್ ಪ್ರತಿ ಬಾರಿಗೂ ಬದಲಾಗಬೇಕು ಅಂತ ಯಾರು ಹೇಳಿದರು? ಮೂರು ಬಾರಿನ ಕಾರ್ಡ್ ಸುತ್ತನ್ನು ನಾಲ್ಕು ಬಾರಿನ ಪಲುಕಿನ ಕೆಳಗೆ ಇಡು. ಹನ್ನೆರಡು ಬಾರ್ ಆದ ಮೇಲೆ ಎರಡೂ ಸಮಕ್ಕೆ ಕೂಡುತ್ತವೆ, ಮುಕ್ತಾಯ ಬಂದು ಬಿದ್ದ ಹಾಗೆ. ಅಲ್ಲಿಯವರೆಗೆ ಪ್ರತಿ ಸುತ್ತಿನಲ್ಲೂ ಅದೇ ಪಲುಕಿಗೆ ಬೇರೆ ನೆಲ ಸಿಗುತ್ತದೆ.

ಭಾನುವಾರ ಬಸವನಗುಡಿಗೆ ಬಾ. ಲ್ಯಾಪ್‌ಟಾಪ್ ತರಬೇಡ, ಆ ನಾಲ್ಕು ಕಾರ್ಡನ್ನು ಸ್ವರದಲ್ಲಿ ಬರೆದ ಹಾಳೆ ತಾ. ಶ್ರುತಿಪೆಟ್ಟಿಗೆ ಸರಿ ಮಾಡಿಸಿಟ್ಟಿದ್ದೇನೆ. ಅತ್ತೆ ನಡುವಿನ ಸಾಲು ಹಾಡಲು ಒಪ್ಪಿದ್ದಾಳೆ, ಗ ರಿ ಗ ಮ ಅಂತ ಅಡುಗೆಮನೆಯಲ್ಲಿ ಆಗಲೇ ಶುರುವಾಗಿದೆ. ಮೇಲಿನ ಸಾಲು ನಿನಗೆ. ಬೇಸ್ ನನ್ನದು.